ಬರೆದ ಹಕ್ಕು ಬಂದು ತಲುಪಲು 95 ವರ್ಷ

ಅಮೆರಿಕದ ಇತಿಹಾಸ ಓದುವ ಕಾಲೇಜು ವಿದ್ಯಾರ್ಥಿ ಒಂದೇ ಒಂದು ಸಂಗತಿ ಕಲಿತು ಹೊರಬಂದರೂ ಸಾಕು: ಯಾರ ಹೆಸರನ್ನೂ ಎತ್ತದ ನಿಯಮವೊಂದು ಯಾರನ್ನು ಹೊರಗೆ ನಿಲ್ಲಿಸುತ್ತದೆ ಎಂದು ಗುರುತಿಸುವುದು.

ಟೆಕ್ಸಸ್ ರಾಜ್ಯದಲ್ಲಿ ಒಂದು ಕಾನೂನಿದೆ. ಸರ್ಕಾರದ ನೆರವು ಪಡೆಯುವ ವಿಶ್ವವಿದ್ಯಾಲಯದಲ್ಲಿ ಪದವಿ ಬೇಕೆಂದರೆ ಅಮೆರಿಕದ ಇತಿಹಾಸದಲ್ಲಿ 6 ಕ್ರೆಡಿಟ್ ಗಳಿಸಲೇಬೇಕು. ಕಂಪ್ಯೂಟರ್ ಸೈನ್ಸ್ ಓದುವವರಿಗೂ ವಿನಾಯಿತಿ ಇಲ್ಲ, ನರ್ಸಿಂಗ್ ಓದುವವರಿಗೂ ಇಲ್ಲ. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್‌ಗಳಲ್ಲಿ ನೆಲೆಸಿರುವ ಕನ್ನಡದ ಮನೆಗಳ ಮಕ್ಕಳೂ ಪಿಯುಸಿ ಮುಗಿಸಿ ಬೆಂಗಳೂರಿನಿಂದ ನೇರವಾಗಿ ಹೋದವರೂ ಈ ಹೊಸ್ತಿಲು ದಾಟಿಯೇ ಪದವಿ ಪಡೆಯಬೇಕು. ಕೋಡಿಂಗ್ ಕಲಿಯಲು ಬಂದವರಿಗೆ ಇದೆಲ್ಲ ಯಾಕೆ ಎಂಬ ಗೊಣಗಾಟ ಸಹಜ. ನಮ್ಮಲ್ಲಿ ಇತಿಹಾಸವನ್ನೇ ಆಯ್ದುಕೊಂಡವರ ಪಾಡೂ ತೀರಾ ಬೇರೆಯಲ್ಲ. 13 ವಸಾಹತುಗಳು, ಬಾಸ್ಟನ್ ಬಂದರಿನಲ್ಲಿ ನೀರಿಗೆ ಸುರಿದ ಚಹಾ, ಸ್ವಾತಂತ್ರ್ಯ ಘೋಷಣೆ, ಲಿಂಕನ್. ಕಾರಣಗಳು ಇಷ್ಟು, ಪರಿಣಾಮಗಳು ಇಷ್ಟು. ಹತ್ತು ಅಂಕದ ಪ್ರಶ್ನೆಗೆ ಎರಡು ಪುಟದ ಉತ್ತರ.

ಅಮೆರಿಕದ ಕಾಲೇಜುಗಳು ಈ ವಿಷಯವನ್ನು ಸಾಮಾನ್ಯವಾಗಿ ಎರಡು ಸೆಮಿಸ್ಟರುಗಳಿಗೆ ಹಂಚುತ್ತವೆ. ಮೊದಲನೆಯದು ಅಂತರ್ಯುದ್ಧ ಮತ್ತು ಅದರ ಬೆನ್ನಿಗೆ ಬಂದ ಪುನರ್ನಿರ್ಮಾಣ ಕಾಲದವರೆಗೆ. ಹಲವು ಕಡೆ ಅದು 1877ಕ್ಕೆ ಮುಗಿಯುತ್ತದೆ. ಎರಡನೆಯದು ಅಲ್ಲಿಂದ ಈಚೆಗೆ. ಮೊದಲ ಸೆಮಿಸ್ಟರಿನ ಪರೀಕ್ಷೆ ಬರೆದು ರಜೆಗೆ ಹೊರಟ ಹುಡುಗನ ತಲೆಯಲ್ಲಿ ಗುಲಾಮಗಿರಿ ರದ್ದಾಯಿತು, ಎಲ್ಲರಿಗೂ ಮತದ ಹಕ್ಕು ಬಂತು ಎಂಬ ಸಮಾಧಾನ ಉಳಿದಿರುತ್ತದೆ. ಎರಡನೆಯ ಸೆಮಿಸ್ಟರ್ ರೈಲು, ಉಕ್ಕು, ಎಣ್ಣೆ ಬಾವಿಗಳ ಅಬ್ಬರದಲ್ಲಿ ಶುರುವಾಗುತ್ತದೆ. ಈ ಎರಡರ ನಡುವಿನ ಸಂದಿಯಲ್ಲಿ ಜಾರಿ ಬೀಳುವ ಕತೆಯೇ ಇಡೀ ವಿಷಯದ ತಿರುಳು.

ಜನಾಂಗದ ಕಾರಣಕ್ಕೆ ಯಾರಿಗೂ ಮತದಾನದ ಹಕ್ಕು ನಿರಾಕರಿಸುವಂತಿಲ್ಲ ಎನ್ನುವ 15ನೇ ತಿದ್ದುಪಡಿ ಅಮೆರಿಕದ ಸಂವಿಧಾನಕ್ಕೆ ಸೇರಿದ್ದು 1870ರಲ್ಲಿ. ಆ ಮಾತನ್ನು ನಿಜ ಮಾಡಿದ ಮತದಾನ ಹಕ್ಕು ಕಾಯ್ದೆ ಬಂದಿದ್ದು 1965ರಲ್ಲಿ. ನಡುವೆ 95 ವರ್ಷ. ಅಷ್ಟೂ ಕಾಲ ಆ ತಿದ್ದುಪಡಿ ರದ್ದಾಗಿರಲಿಲ್ಲ, ಸಂವಿಧಾನದ ಪುಟದಲ್ಲಿ ಅಚ್ಚಾಗಿಯೇ ಇತ್ತು. ಹಾಗಾದರೆ ಏನಾಯಿತು? ಈ ಒಂದು ಪ್ರಶ್ನೆಗೆ ಸರಿಯಾಗಿ ಉತ್ತರಿಸಬಲ್ಲ ವಿದ್ಯಾರ್ಥಿ ಆ 6 ಕ್ರೆಡಿಟ್‌ಗಳನ್ನು ವ್ಯರ್ಥ ಮಾಡಲಿಲ್ಲ ಎನ್ನಬಹುದು.

ಹೆಸರೆತ್ತದ ಸಂವಿಧಾನ

1787ರ ಬೇಸಿಗೆಯಲ್ಲಿ ಫಿಲಡೆಲ್ಫಿಯಾದಲ್ಲಿ 55 ಜನ ಪ್ರತಿನಿಧಿಗಳು ಸೇರಿ ಸಂವಿಧಾನ ಬರೆದರು. ಕೊನೆಗೆ ಸಹಿ ಹಾಕಿದವರು 39. ಅವರಲ್ಲಿ ಅನೇಕರು ಗುಲಾಮರನ್ನು ಇಟ್ಟುಕೊಂಡವರು. ಆದರೂ ಆ ಮೂಲ ಬರಹವನ್ನು ಮೊದಲಿನಿಂದ ಕೊನೆಯವರೆಗೆ ಹುಡುಕಿದರೆ 'ಗುಲಾಮ' ಎಂಬ ಪದ ಎಲ್ಲೂ ಸಿಗುವುದಿಲ್ಲ. 'ಇತರ ವ್ಯಕ್ತಿಗಳು', 'ದುಡಿಮೆಗೆ ಬದ್ಧರಾದ ವ್ಯಕ್ತಿಗಳು' ಎಂಬಂಥ ಸಭ್ಯ ಮಾತುಗಳಿವೆ. ಆ ಸಭ್ಯ ಮಾತುಗಳ ಹಿಂದೆ ಮೂರು ಗಟ್ಟಿ ಒಪ್ಪಂದಗಳಿವೆ. ಪ್ರತಿನಿಧಿ ಸಭೆಯ ಸ್ಥಾನ ಲೆಕ್ಕ ಹಾಕುವಾಗ ಗುಲಾಮರ ಸಂಖ್ಯೆಯ ಐದರಲ್ಲಿ ಮೂರು ಪಾಲನ್ನು ಸೇರಿಸಿಕೊಳ್ಳಬೇಕು. ಹೊರಗಿನಿಂದ ಗುಲಾಮರನ್ನು ತರುವ ವ್ಯಾಪಾರವನ್ನು 1808ರವರೆಗೆ ಕಾಂಗ್ರೆಸ್ ನಿಷೇಧಿಸುವಂತಿಲ್ಲ. ತಪ್ಪಿಸಿಕೊಂಡು ಬೇರೆ ರಾಜ್ಯಕ್ಕೆ ಓಡಿದವರನ್ನು ಒಡೆಯರಿಗೆ ಹಿಂದಿರುಗಿಸಬೇಕು.

ತರಗತಿಯಲ್ಲಿ ಐದರಲ್ಲಿ ಮೂರು ಎಂದಾಗ ವಿದ್ಯಾರ್ಥಿಗಳು ಸಾಮಾನ್ಯವಾಗಿ ಅದನ್ನು ಅವಮಾನದ ಮಾತಾಗಿ ಓದುತ್ತಾರೆ: ಕಪ್ಪು ಮನುಷ್ಯನನ್ನು ಮುಕ್ಕಾಲು ಮನುಷ್ಯನಾಗಿಯೂ ಕಾಣಲಿಲ್ಲವಲ್ಲ! ಅವಮಾನ ನಿಜ, ಆದರೆ ಲೆಕ್ಕ ಇನ್ನೂ ಆಳವಾದದ್ದು. ಗುಲಾಮರನ್ನು ಪೂರ್ತಿ ಎಣಿಸಬೇಕು ಎಂದು ಹಟ ಹಿಡಿದವರು ದಕ್ಷಿಣದ ಒಡೆಯರೇ. ಮತ ಹಾಕಲಾಗದ ಜನರ ತಲೆಗಳನ್ನು ಎಣಿಸಿದಷ್ಟೂ ಅವರ ಒಡೆಯರಿಗೆ ಸಂಸತ್ತಿನಲ್ಲಿ ಹೆಚ್ಚು ಕುರ್ಚಿ, ಅಧ್ಯಕ್ಷರ ಆಯ್ಕೆಯಲ್ಲಿ ಹೆಚ್ಚು ಮತ. ದೇಶದ ಮೊದಲ 5 ಅಧ್ಯಕ್ಷರಲ್ಲಿ 4 ಮಂದಿ ವರ್ಜೀನಿಯಾದವರು, ನಾಲ್ವರೂ ಗುಲಾಮರ ಒಡೆಯರು. 'ಎಲ್ಲ ಮನುಷ್ಯರೂ ಸಮಾನರಾಗಿ ಹುಟ್ಟಿದ್ದಾರೆ' ಎಂದು 1776ರಲ್ಲಿ ಬರೆದ ಜೆಫರ್ಸನ್ ತನ್ನ ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರನ್ನು ಗುಲಾಮರನ್ನಾಗಿ ಇಟ್ಟುಕೊಂಡಿದ್ದವನು. ಅವನ ಕಪಟವನ್ನು ಬಯಲು ಮಾಡಿದೆವು ಎಂದು ಬೀಗುವುದು ಸುಲಭ. ವಿದ್ಯಾರ್ಥಿಗೆ ಹೆಚ್ಚು ಉಪಯೋಗದ ಕೆಲಸ ಬೇರೆ ಇದೆ. ಒಂದು ಎಣಿಕೆಯ ನಿಯಮ ಅಧಿಕಾರವನ್ನು ಹೇಗೆ ಒಂದೆಡೆಯಿಂದ ಇನ್ನೊಂದೆಡೆಗೆ ಸರಿಸುತ್ತದೆ ಎಂದು ಕಾಗದ ಪೆನ್ನು ಹಿಡಿದು ಲೆಕ್ಕ ಹಾಕಿ ನೋಡುವುದು.

ಈ ಅಧಿಕಾರದ ಬುಡದಲ್ಲಿದ್ದದ್ದು ಹತ್ತಿ. 1793ರಲ್ಲಿ ಈಲೈ ವಿಟ್ನಿಯ ಜಿನ್ ಯಂತ್ರ ಬಂದು ಬೀಜ ಬಿಡಿಸುವ ಕೆಲಸ ಸಲೀಸಾದ ಮೇಲೆ ಹತ್ತಿಯ ಹೊಲಗಳು ಪಶ್ಚಿಮಕ್ಕೆ ಹಬ್ಬಿದವು, ಗುಲಾಮಗಿರಿಯೂ ಜೊತೆಗೇ ಹಬ್ಬಿತು. 1860ರ ಜನಗಣತಿಯಲ್ಲಿ ಗುಲಾಮರ ಸಂಖ್ಯೆ ಸುಮಾರು 40 ಲಕ್ಷ. ಇಂಗ್ಲೆಂಡಿನ ಲ್ಯಾಂಕಾಶೈರಿನ ಗಿರಣಿಗಳು ಬಳಸುತ್ತಿದ್ದ ಹತ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಇವರ ಕೈಯಿಂದ ಹೋದದ್ದು. 1861ರಲ್ಲಿ ಅಂತರ್ಯುದ್ಧ ಶುರುವಾಗಿ ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ಅಡ್ಡಗಟ್ಟಿದಾಗ ಅದರ ಬಿಸಿ ನಮ್ಮ ಧಾರವಾಡ ಸೀಮೆಗೂ ತಟ್ಟಿತು. ಅದಕ್ಕೂ ಮೊದಲೇ, 1840ರ ದಶಕದಲ್ಲಿ, ಕಂಪನಿ ಸರ್ಕಾರ ಅಮೆರಿಕದ ತಳಿ ತರಿಸಿ ಅಲ್ಲಿನ ಎರೆ ಹೊಲಗಳಲ್ಲಿ ಬೆಳೆಸಿತ್ತು. ಅದಕ್ಕೆ ವ್ಯಾಪಾರಿಗಳು ಇಟ್ಟ ಹೆಸರೇ 'ಧಾರವಾಡ ಅಮೆರಿಕನ್'. ಯುದ್ಧದ ವರ್ಷಗಳಲ್ಲಿ ದರ ಏರಿ, ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುವ ಅಂಡಿಗೆಗಳಿಗೆ ಎಲ್ಲಿಲ್ಲದ ಬೆಲೆ ಬಂತು. 1865ರಲ್ಲಿ ಯುದ್ಧ ಮುಗಿದದ್ದೇ ತಡ, ದರ ಕುಸಿದು ಮುಂಬೈಯ ಷೇರುಪೇಟೆಯೇ ಮಗುಚಿಕೊಂಡಿತು. ಮಿಸಿಸಿಪಿಯ ಗುಲಾಮನಿಗೂ ಧಾರವಾಡದ ರೈತನಿಗೂ ಪರಸ್ಪರ ಪರಿಚಯವಿರಲಿಲ್ಲ. ಒಬ್ಬನ ಬಿಡುಗಡೆಯ ಯುದ್ಧ ಇನ್ನೊಬ್ಬನ ಬೆಳೆಯ ದರವನ್ನು ನಿರ್ಧರಿಸಿತು.

ಕೊಟ್ಟ ಕೈ, ಕಸಿದ ಕೈ

ಯುದ್ಧದ ನಂತರ ಮೂರು ತಿದ್ದುಪಡಿಗಳು ಬಂದವು. 13ನೆಯದು, 1865ರಲ್ಲಿ, ಗುಲಾಮಗಿರಿಯನ್ನು ರದ್ದು ಮಾಡಿತು. 14ನೆಯದು, 1868ರಲ್ಲಿ, ಆ ನೆಲದಲ್ಲಿ ಹುಟ್ಟಿದವರಿಗೆ ಪೌರತ್ವವನ್ನೂ ಕಾನೂನಿನ ಸಮಾನ ರಕ್ಷಣೆಯನ್ನೂ ಕೊಟ್ಟಿತು. 15ನೆಯದು ಮತ. ಮುಂದಿನ ಕೆಲವು ವರ್ಷ ದಕ್ಷಿಣದಲ್ಲಿ ನಡೆದದ್ದನ್ನು ನಂಬುವುದು ಇಂದಿಗೂ ಕಷ್ಟ. ಮಿಸಿಸಿಪಿಯಿಂದ ಹೈರಮ್ ರೆವೆಲ್ಸ್ ಎಂಬ ಕಪ್ಪು ಪಾದ್ರಿ 1870ರಲ್ಲಿ ಸೆನೆಟರ್ ಆದರು. ಕೌಂಟಿಯ ಶೆರಿಫ್‌ನಿಂದ ಸಂಸದರವರೆಗೆ ಸುಮಾರು 2,000 ಕಪ್ಪು ಜನ ಅಧಿಕಾರದ ಸ್ಥಾನಗಳಲ್ಲಿ ಕೂತರು. ದಕ್ಷಿಣದ ಹಲವೆಡೆ ಸರ್ಕಾರಿ ಶಾಲೆಗಳು ಗಟ್ಟಿಯಾಗಿ ನೆಲೆಯೂರಿದ್ದು ಈ ಕಾಲದಲ್ಲೇ.

1876ರ ಅಧ್ಯಕ್ಷೀಯ ಚುನಾವಣೆಯ ಫಲಿತಾಂಶ ಜಗಳಕ್ಕೆ ಬಿತ್ತು. ಮರುವರ್ಷ ರಾಜಿಯಾಗಿ ಹೇಯ್ಸ್ ಅಧ್ಯಕ್ಷರಾದರು, ದಕ್ಷಿಣದ ಸರ್ಕಾರಗಳಿಗೆ ಕಾವಲಿದ್ದ ಕೇಂದ್ರದ ಸೈನಿಕರು ಹಿಂದೆ ಸರಿದರು. ಅದಕ್ಕೂ ಮೊದಲೇ ಶುರುವಾಗಿದ್ದ ಹೊಡೆತ, ಕೊಲೆ, ಬೆಂಕಿಗಳಿಗೆ ಇನ್ನು ಅಡ್ಡಿಯಿರಲಿಲ್ಲ. ಹಿಂಸೆಯ ಕತೆ ಪುಸ್ತಕಗಳಲ್ಲಿದೆ, ಓದಿದವರ ಮನಸ್ಸಿನಲ್ಲೂ ನಿಲ್ಲುತ್ತದೆ. ಹಿಂಸೆಯ ಜೊತೆಜೊತೆಗೇ ಸದ್ದಿಲ್ಲದೆ ನಡೆದ ಗುಮಾಸ್ತಿಕೆಯ ಕೆಲಸ ಮಾತ್ರ ಮರೆತು ಹೋಗುತ್ತದೆ.

ಮಿಸಿಸಿಪಿ 1890ರಲ್ಲಿ ಹೊಸ ಸಂವಿಧಾನ ಬರೆದುಕೊಂಡಿತು. ಮತ ಹಾಕುವವರು 2 ಡಾಲರ್ ತೆರಿಗೆ ಕಟ್ಟಿರಬೇಕು. ರಾಜ್ಯ ಸಂವಿಧಾನದ ಯಾವುದಾದರೂ ಕಲಮನ್ನು ಓದಬೇಕು, ಇಲ್ಲವೇ ಓದಿ ಹೇಳಿದ್ದನ್ನು ಕೇಳಿ ಸಮಂಜಸವಾಗಿ ವಿವರಿಸಬೇಕು. ವಿವರಣೆ ಸಮಂಜಸವೋ ಅಲ್ಲವೋ ತೀರ್ಮಾನಿಸುವವನು ಮೇಜಿನ ಆ ಕಡೆ ಕೂತ ಗುಮಾಸ್ತ. ಲೂಸಿಯಾನಾ 1898ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಕ್ಷರ ಬಲ್ಲವರಿಗೆ ಅಥವಾ ಆಸ್ತಿ ಇದ್ದವರಿಗೆ ಮಾತ್ರ ಮತ ಎಂದಿತು. ಆದರೆ ಬಡ ಬಿಳಿಯರಲ್ಲೂ ಅಕ್ಷರ ಬಾರದವರು ಧಾರಾಳವಾಗಿದ್ದರಲ್ಲ? ಅವರನ್ನು ಉಳಿಸಿಕೊಳ್ಳಲು ಒಂದು ತಾರೀಖು ಹುಡುಕಿದರು: 1867ರ ಜನವರಿ 1. ಅಂದು ತಾನಾಗಲಿ, ತಂದೆಯಾಗಲಿ, ತಾತನಾಗಲಿ ಮತದಾರನಾಗಿದ್ದರೆ ಅಂಥವನಿಗೆ ಈ ಷರತ್ತುಗಳಿಲ್ಲ. ಲೂಸಿಯಾನಾದ ಕಪ್ಪು ಗಂಡಸರಿಗೆ ಮತದ ಹಕ್ಕು ಬಂದದ್ದು ಆ ತಾರೀಖಿನ ಕೆಲವು ವಾರಗಳ ನಂತರ. ಇಡೀ ನಿಯಮದಲ್ಲಿ ಬಣ್ಣದ ಮಾತಿಲ್ಲ, ಜನಾಂಗದ ಮಾತಿಲ್ಲ. ಒಂದು ತಾರೀಖು, ಒಂದು ತಾತನ ಪ್ರಸ್ತಾಪ, ಅಷ್ಟೆ.

ಪರಿಣಾಮ ನೋಡಿ. 1896ರಲ್ಲಿ ಲೂಸಿಯಾನಾದ ಮತದಾರರ ಪಟ್ಟಿಯಲ್ಲಿದ್ದ ಕಪ್ಪು ಜನ 1,30,334. 1904ಕ್ಕೆ ಉಳಿದವರು 1,342. ಎಂಟು ವರ್ಷದಲ್ಲಿ ನೂರಕ್ಕೆ 99 ಹೆಸರು ಹಾರಿಹೋದವು. ಸುಪ್ರೀಂ ಕೋರ್ಟ್ ಇಂಥ ತಾತನ ಷರತ್ತುಗಳನ್ನು ತಳ್ಳಿಹಾಕಿದ್ದು 1915ರಲ್ಲಿ. ಅಷ್ಟರಲ್ಲಿ ಪಟ್ಟಿ ಖಾಲಿಯಾಗಿತ್ತು, ತೆರಿಗೆ ಮತ್ತು ಓದಿನ ಪರೀಕ್ಷೆ ಜಾಗ ಬಿಟ್ಟು ಕದಲಲಿಲ್ಲ.

ಮೂಲನಿವಾಸಿಗಳ ಕತೆಯಲ್ಲಿ ಇದೇ ಪಾಠ ಇನ್ನೊಂದು ಬಗೆಯಲ್ಲಿ ಬರುತ್ತದೆ. ಚೆರೋಕಿ ಜನ ಬಿಳಿಯರು ಹೇಳಿದ್ದನ್ನೆಲ್ಲ ಮಾಡಿದ್ದರು. ಸಿಕ್ವೋಯಾ ಎಂಬವನು ರೂಪಿಸಿದ ಸ್ವಂತ ಲಿಪಿಯಿತ್ತು, 1827ರಲ್ಲಿ ಬರೆದುಕೊಂಡ ಸಂವಿಧಾನವಿತ್ತು, 1828ರಿಂದ ತಮ್ಮದೇ ಪತ್ರಿಕೆ ನಡೆಯುತ್ತಿತ್ತು. 1832ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿಯೇ ಮಾತಾಡಿತು. ಅವರ ನೆಲದಲ್ಲಿ ಜಾರ್ಜಿಯಾ ರಾಜ್ಯದ ಕಾನೂನು ನಡೆಯದು ಎಂದಿತು. ತೀರ್ಪನ್ನು ಜಾರಿ ಮಾಡುವವರು ಯಾರೂ ಇರಲಿಲ್ಲ. 1838ರಲ್ಲಿ ಸೈನ್ಯ ಬಂದು ಸುಮಾರು 16,000 ಜನರನ್ನು ಮಿಸಿಸಿಪಿ ನದಿಯಾಚೆಗೆ ಅಟ್ಟಿತು. ದಾರಿಯಲ್ಲೂ ಶಿಬಿರಗಳಲ್ಲೂ ಸತ್ತವರು ಸುಮಾರು 4,000. ಗೆದ್ದ ಮೊಕದ್ದಮೆಯ ಕಾಗದ ಅವರ ಕೈಯಲ್ಲೇ ಇತ್ತು.

ಪುಸ್ತಕ ಬರೆದವರು ಯಾರು?

ಸುಮಾರು ಅರ್ಧ ಶತಮಾನ ಕಾಲ ಅಮೆರಿಕದ ವಿಶ್ವವಿದ್ಯಾಲಯಗಳೇ ಪುನರ್ನಿರ್ಮಾಣ ಕಾಲವನ್ನು ದೊಡ್ಡ ಪ್ರಮಾದ ಎಂದು ಕಲಿಸಿದವು. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ವಿಲಿಯಂ ಡನಿಂಗ್ ಮತ್ತು ಅವರ ಶಿಷ್ಯರು ಈ ವಾದದ ಮುಂದಾಳುಗಳು. ಆಳಲು ಅರ್ಹತೆಯಿಲ್ಲದವರ ಕೈಗೆ ಅಧಿಕಾರ ಕೊಟ್ಟದ್ದೇ ತಪ್ಪು, ಬಿಳಿಯರು ಮತ್ತೆ ಹಿಡಿತ ಸಾಧಿಸಿದ್ದು ಸರಿಯೇ ಎಂಬುದು ಅದರ ಸಾರ. ದಾಖಲೆ, ಅಡಿಟಿಪ್ಪಣಿ, ಪಾಂಡಿತ್ಯ ಯಾವುದಕ್ಕೂ ಕೊರತೆಯಿರಲಿಲ್ಲ. 1915ರಲ್ಲಿ ಇದೇ ಕತೆ 'ದ ಬರ್ತ್ ಆಫ್ ಎ ನೇಷನ್' ಎಂಬ ಸಿನಿಮಾ ಆಯಿತು. ಸ್ವತಃ ಇತಿಹಾಸದ ಪಂಡಿತರಾಗಿದ್ದ ಅಧ್ಯಕ್ಷ ವುಡ್ರೋ ವಿಲ್ಸನ್ ಶ್ವೇತಭವನದಲ್ಲೇ ಅದರ ಪ್ರದರ್ಶನ ನೋಡಿದರು.

ಇದಕ್ಕೆ ಎದುರುನಿಂತವರು ಡಬ್ಲ್ಯು.ಇ.ಬಿ. ಡುಬೋಯ್ಸ್. ಹಾರ್ವರ್ಡ್‌ನಿಂದ ಡಾಕ್ಟರೇಟ್ ಪಡೆದ ಮೊದಲ ಕಪ್ಪು ವಿದ್ವಾಂಸ. 1935ರಲ್ಲಿ ಬಂದ ಅವರ 'ಬ್ಲ್ಯಾಕ್ ರಿಕನ್‌ಸ್ಟ್ರಕ್ಷನ್' ಆ ಕಾಲವನ್ನು ಪ್ರಜಾಪ್ರಭುತ್ವದ ದೊಡ್ಡ ಪ್ರಯತ್ನವಾಗಿ ಮತ್ತೆ ಓದಿತು; ಕೊನೆಯ ಅಧ್ಯಾಯದಲ್ಲಿ ಅಂದಿನ ಇತಿಹಾಸಕಾರರನ್ನೇ ಕಟಕಟೆಯಲ್ಲಿ ನಿಲ್ಲಿಸಿತು. ಇತಿಹಾಸಕಾರರ ಬಳಗ ಅವರ ವಾದವನ್ನು ತಲೆಯಾಡಿಸಿ ಒಪ್ಪಲು ಇನ್ನೂ ಮೂರು ದಶಕ ಹಿಡಿಯಿತು, ನಾಗರಿಕ ಹಕ್ಕುಗಳ ಚಳವಳಿ ಬೀದಿಗಿಳಿಯಬೇಕಾಯಿತು.

ಹಾಗಾದರೆ ಪಠ್ಯಪುಸ್ತಕವನ್ನೂ ಸಾಕ್ಷಿಯಾಗಿ ವಿಚಾರಿಸಬೇಕು ಎಂದಾಯಿತು. ಹೇಗೆ ವಿಚಾರಿಸುವುದು ಎಂಬುದಕ್ಕೆ ಸ್ಯಾಮ್ ವೈನ್‌ಬರ್ಗ್ ಎಂಬ ಶಿಕ್ಷಣ ಸಂಶೋಧಕರು 1991ರಲ್ಲಿ ಪ್ರಕಟಿಸಿದ ಅಧ್ಯಯನ ಒಳ್ಳೆಯ ದಾರಿ ತೋರಿಸುತ್ತದೆ. 1775ರ ಏಪ್ರಿಲ್ 19ರಂದು ಲೆಕ್ಸಿಂಗ್ಟನ್ ಬಯಲಲ್ಲಿ ಸ್ವಾತಂತ್ರ್ಯ ಯುದ್ಧದ ಮೊದಲ ಗುಂಡು ಹಾರಿಸಿದವರು ಯಾರು ಎಂಬ ಬಗ್ಗೆ ಒಂದಕ್ಕೊಂದು ಹೊಂದದ ದಾಖಲೆಗಳನ್ನು 8 ಇತಿಹಾಸಕಾರರಿಗೂ 8 ಜಾಣ ಶಾಲಾ ವಿದ್ಯಾರ್ಥಿಗಳಿಗೂ ಓದಲು ಕೊಟ್ಟರು. ವಿದ್ಯಾರ್ಥಿಗಳು ಮೇಲಿನಿಂದ ಕೆಳಕ್ಕೆ ಓದಿ ಮಾಹಿತಿ ಆರಿಸಿಕೊಂಡರು. ಇತಿಹಾಸಕಾರರ ಕಣ್ಣು ಮೊದಲು ಹೋದದ್ದು ಬರೆದವರ ಹೆಸರಿಗೆ, ತಾರೀಖಿಗೆ. ಇದನ್ನು ಬರೆದವನು ಅಲ್ಲಿದ್ದನೇ? ಯಾರಿಗಾಗಿ ಬರೆದ? ಎಷ್ಟು ದಿನದ ಮೇಲೆ ಬರೆದ? ಆ ಇತಿಹಾಸಕಾರರಲ್ಲಿ ಕೆಲವರಿಗೆ ಅಮೆರಿಕದ ಇತಿಹಾಸ ವಿಶೇಷ ಕ್ಷೇತ್ರವೇ ಆಗಿರಲಿಲ್ಲ. ಸಂಗತಿಗಳ ಸಂಗ್ರಹಕ್ಕಿಂತ ಓದುವ ಅಭ್ಯಾಸವೇ ಅವರನ್ನು ಬೇರೆಯಾಗಿಸಿತ್ತು. ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು ಮುಂದೆ ತಳ್ಳುವ ಮೊದಲು ಯಾರು ಬರೆದದ್ದು ಎಂದು ನೋಡುವ ಅಭ್ಯಾಸವೂ ಇದೇ.

ಇಲ್ಲಿಂದ ಹೋಗಿ ಓದಿದವರು

ಡನಿಂಗ್ ಕೊಲಂಬಿಯಾದಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲೇ, 1913ರಲ್ಲಿ, ಬಿ.ಆರ್. ಅಂಬೇಡ್ಕರ್ ಅದೇ ವಿಶ್ವವಿದ್ಯಾಲಯಕ್ಕೆ ವಿದ್ಯಾರ್ಥಿಯಾಗಿ ಬಂದರು. ಅಲ್ಲಿ ಚಾಲ್ತಿಯಲ್ಲಿದ್ದ ಕತೆಗೆ ಅವರು ಮರುಳಾಗಲಿಲ್ಲ. ಅಂತರ್ಯುದ್ಧದ ನಂತರ ಕಪ್ಪು ಜನರಿಗೆ ಆದ ಗತಿಯನ್ನು ಅಸ್ಪೃಶ್ಯರು ಮರೆಯಲಾರರು ಎಂದು 1945ರ ತಮ್ಮ ಪುಸ್ತಕದಲ್ಲಿ ಎಚ್ಚರಿಸಿದರು. ಮರುವರ್ಷ ಡುಬೋಯ್ಸ್ ಅವರಿಗೆ ಪತ್ರ ಬರೆದು, ಕಪ್ಪು ಜನರ ಪರವಾಗಿ ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿ ಕೇಳಿದರು, ಡುಬೋಯ್ಸ್ ಉತ್ತರಿಸಿದರು. ಸ್ವಾತಂತ್ರ್ಯ ಬಂದ ಮಾತ್ರಕ್ಕೆ ತುಳಿತಕ್ಕೆ ಒಳಗಾದವರಿಗೆ ಪಾಲು ಸಿಗುವುದಿಲ್ಲ, ಪಾಲನ್ನು ಸಂವಿಧಾನದೊಳಗೇ ಭದ್ರ ಮಾಡಿಕೊಳ್ಳಬೇಕು ಎಂಬ ಅವರ ಹಟಕ್ಕೆ ಅಮೆರಿಕದ 1877ರ ದ್ರೋಹವೂ ಬೆಂಬಲ ಕೊಟ್ಟಿತ್ತು.

ಇನ್ನೊಬ್ಬ ಓದುಗ ಮಂಗಳೂರಿನವರು. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್ 1947ರ ಕೊನೆಯಲ್ಲಿ ಅಮೆರಿಕಕ್ಕೆ ಹೋಗಿ ನ್ಯಾಯಾಧೀಶ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಕಾನೂನಿನ 'ಯುಕ್ತ ಪ್ರಕ್ರಿಯೆ' ಇಲ್ಲದೆ ಯಾರ ಸ್ವಾತಂತ್ರ್ಯವನ್ನೂ ಕಸಿಯಬಾರದು ಎಂಬ ಅಮೆರಿಕದ ಮಾತು ಆಗ ನಮ್ಮ ಕರಡಿನಲ್ಲೂ ಇತ್ತು. ಫ್ರಾಂಕ್‌ಫರ್ಟರ್ ಬೇಡವೆಂದರು. ಅದಕ್ಕೊಂದು ಇತಿಹಾಸವಿತ್ತು. ಬೇಕರಿ ಕೆಲಸಗಾರರ ದುಡಿಮೆ ದಿನಕ್ಕೆ 10 ಗಂಟೆ ಮೀರಬಾರದು ಎಂಬ ನ್ಯೂಯಾರ್ಕ್ ಕಾಯ್ದೆಯನ್ನು 1905ರಲ್ಲಿ ಸುಪ್ರೀಂ ಕೋರ್ಟ್ ಇದೇ ಮಾತಿನ ಬಲದಿಂದ ಹೊಡೆದುಹಾಕಿತ್ತು. ಮುಂದೆ ಮೂರು ದಶಕ ಕಾರ್ಮಿಕರ ಪರವಾದ ಹಲವು ಕಾಯ್ದೆಗಳಿಗೆ ಅದೇ ಗತಿ. ರಾವ್ ಒಪ್ಪಿದರು. ನಮ್ಮ 21ನೇ ವಿಧಿಯಲ್ಲಿ 'ಕಾನೂನು ವಿಧಿಸಿದ ಕ್ರಮ' ಎಂಬ ಮಾತು ಬಂತು. ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ವಿಚಾರಣೆಯಿಲ್ಲದೆ ಬಂಧನದಲ್ಲಿಟ್ಟ ಎ.ಕೆ. ಗೋಪಾಲನ್ ಅವರ ಬೆಂಬಲಕ್ಕೆ 1950ರಲ್ಲಿ ಕೋರ್ಟ್ ಬರಲಿಲ್ಲ. ಆ ಕ್ರಮ ನ್ಯಾಯಯುತವಾಗಿಯೂ ಇರಬೇಕು ಎಂದು ಮೇನಕಾ ಗಾಂಧಿ ಪ್ರಕರಣದಲ್ಲಿ ಕೋರ್ಟ್ ಹೇಳುವ ಹೊತ್ತಿಗೆ 1978 ಆಗಿತ್ತು. ಒಂದೇ ದೇಶದ ಇತಿಹಾಸದ ಎರಡು ಬೇರೆ ಅಧ್ಯಾಯಗಳನ್ನು ಓದಿ ಅಂಬೇಡ್ಕರ್ ಒಂದು ಪಾಠ ಕಲಿತರು, ರಾವ್ ಇನ್ನೊಂದು. ಇತಿಹಾಸ ಸಿದ್ಧ ಉತ್ತರ ಕೊಡುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಬೇಕಿಲ್ಲ.

ಇಬ್ಬರು ಭಾರತೀಯರು, ಎರಡು ಉತ್ತರ

ಅಮೆರಿಕದ ತರಗತಿಯಲ್ಲಿ ಕೂತ ಕನ್ನಡದ ಹುಡುಗಿಗೆ ಇದೆಲ್ಲ ಬೇರೆಯವರ ಕತೆ ಎನ್ನಿಸಬಹುದು. ಹಾಗೆನ್ನಿಸಿದರೆ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯನ್ನು ಓದಬೇಕು. ಪಂಜಾಬಿನಿಂದ ಹೋಗಿ ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯ ಸೇರಿದ್ದ ಥಿಂಡ್ ಪೌರತ್ವ ಕೇಳಿದರು. ಹೊರಗಿನಿಂದ ಬಂದವರಲ್ಲಿ 'ಬಿಳಿಯ' ವ್ಯಕ್ತಿಗಳಿಗೆ ಪೌರತ್ವ ಎಂದು 1790ರ ಕಾನೂನು ಹೇಳುತ್ತಿತ್ತು. 1870ರಲ್ಲಿ ಆಫ್ರಿಕಾ ಮೂಲದವರನ್ನೂ ಸೇರಿಸಿದ್ದರು. ತಾನು ಮೇಲ್ಜಾತಿಯ ಆರ್ಯ, ಆದ್ದರಿಂದ ಬಿಳಿಯ ಎಂಬುದು ಥಿಂಡ್ ವಾದ. ಶಾಸ್ತ್ರಜ್ಞರು ಏನೇ ಹೇಳಲಿ, ಸಾಮಾನ್ಯ ಅಮೆರಿಕನ್ನನ ಕಣ್ಣಿಗೆ ನೀವು ಬಿಳಿಯರಲ್ಲ ಎಂದು ಸುಪ್ರೀಂ ಕೋರ್ಟ್ 1923ರಲ್ಲಿ ಹೇಳಿತು. ಆಗಲೇ ಪೌರತ್ವ ಪಡೆದಿದ್ದ ಹತ್ತಾರು ಭಾರತೀಯರೂ ಅದನ್ನು ಕಳೆದುಕೊಂಡರು. ಥಿಂಡ್ ಗೋಡೆ ಕೆಡವಿ ಎನ್ನಲಿಲ್ಲ, ಬಾಗಿಲಿನ ಒಳಗೆ ತನಗೊಂದು ಜಾಗ ಕೇಳಿದರು. ಊರಿನ ಜಾತಿಯನ್ನೇ ಅದಕ್ಕೆ ರಹದಾರಿಯಾಗಿ ಹಿಡಿದು ನಿಂತರು.

ಇನ್ನೊಬ್ಬರು ಕಮಲಾದೇವಿ ಚಟ್ಟೋಪಾಧ್ಯಾಯ, ಅವರೂ ಮಂಗಳೂರಿನವರೇ. 1941ರಲ್ಲಿ ಅಮೆರಿಕದ ದಕ್ಷಿಣದ ರೈಲಿನಲ್ಲಿ ಬಿಳಿಯರ ಡಬ್ಬಿಯಲ್ಲಿ ಕೂತಿದ್ದ ಅವರನ್ನು ಟಿಕೆಟ್ ತಪಾಸಣೆಯವನು ಎಬ್ಬಿಸಲು ಬಂದ. ಅವರು ಅಮೆರಿಕದ ಕಪ್ಪು ಹೆಂಗಸಲ್ಲ ಎಂದು ತೋರಿದಾಗ ಎಲ್ಲಿಂದ ಬಂದವರು ಎಂದು ವಿಚಾರಿಸಿದ. ಭಾರತದವಳು ಎಂದು ಒಂದು ಮಾತು ಹೇಳಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತೇನೋ. ತಾನೂ ಬಿಳಿಯಳಲ್ಲದ ಹೆಂಗಸೇ, ಆದರೆ ಇಲ್ಲಿಂದ ಏಳುವುದಿಲ್ಲ ಎಂದರು ಕಮಲಾದೇವಿ. ಬಸ್ಸಿನಲ್ಲಿ ಸೀಟು ಬಿಡದ ರೋಸಾ ಪಾರ್ಕ್ಸ್ ಬಂಧನಕ್ಕೆ ಇನ್ನೂ 14 ವರ್ಷ ಇತ್ತು. ವಿನಾಯಿತಿ ಕೇಳುವುದಕ್ಕೂ ನಿಯಮವನ್ನೇ ಪ್ರಶ್ನಿಸುವುದಕ್ಕೂ ಇರುವ ಅಂತರ ತಿಳಿಯಲು ಈ ಎರಡು ಪ್ರಸಂಗಗಳನ್ನು ಒಟ್ಟಿಗೆ ಓದಿದರೆ ಸಾಕು.

ರಾತ್ರಿಯಿಡೀ ತಿರುಗಿದ ಯಂತ್ರ

1955ರ ಡಿಸೆಂಬರ್ 1ರಂದು ಮಾಂಟ್ಗೊಮರಿ ನಗರದ ಬಸ್ಸಿನಲ್ಲಿ ರೋಸಾ ಪಾರ್ಕ್ಸ್ ಸೀಟು ಬಿಡಲು ಒಪ್ಪದೆ ಬಂಧನಕ್ಕೆ ಒಳಗಾದರು. ದಣಿದ ದರ್ಜಿಯೊಬ್ಬಳು ಎದ್ದೇಳಲಿಲ್ಲ, ದೇಶ ಎದ್ದುನಿಂತಿತು ಎಂಬ ಕತೆ ಎಲ್ಲರಿಗೂ ಗೊತ್ತು. ಕತೆ ಚೆನ್ನಾಗಿದೆ, ಆದರೆ ಅದನ್ನು ನಂಬಿದ ವಿದ್ಯಾರ್ಥಿ ಚಳವಳಿ ಎಂದರೆ ಪವಾಡ ಎಂದುಕೊಳ್ಳುತ್ತಾನೆ. ಪಾರ್ಕ್ಸ್ ಹಲವು ವರ್ಷ ಕಪ್ಪು ಜನರ ಹಕ್ಕುಗಳಿಗೆ ಹೋರಾಡುವ ಎನ್‌ಎಎಸಿಪಿ ಸಂಘಟನೆಯ ಸ್ಥಳೀಯ ಕಾರ್ಯದರ್ಶಿಯಾಗಿದ್ದವರು. ಅದೇ ವರ್ಷ ಮಾರ್ಚಿನಲ್ಲಿ 15 ವರ್ಷದ ಕ್ಲಾಡೆಟ್ ಕಾಲ್ವಿನ್ ಕೂಡ ಸೀಟು ಬಿಡದೆ ಬಂಧನಕ್ಕೆ ಒಳಗಾಗಿದ್ದಳು. ಪಾರ್ಕ್ಸ್ ಬಂಧನವಾದ ರಾತ್ರಿ ಅಲಬಾಮಾ ಸ್ಟೇಟ್ ಕಾಲೇಜಿನ ಇಂಗ್ಲಿಷ್ ಅಧ್ಯಾಪಕಿ ಜೋ ಆ್ಯನ್ ರಾಬಿನ್ಸನ್, ಒಬ್ಬ ಸಹೋದ್ಯೋಗಿ ಮತ್ತು ಇಬ್ಬರು ವಿದ್ಯಾರ್ಥಿಗಳ ಜೊತೆ ಕಾಲೇಜಿನ ಸೈಕ್ಲೋಸ್ಟೈಲ್ ಯಂತ್ರದ ಮುಂದೆ ನಿಂತು ಬೆಳಗಾಗುವವರೆಗೆ ಬಸ್ ಬಹಿಷ್ಕಾರಕ್ಕೆ ಕರೆ ಕೊಡುವ ಹತ್ತಾರು ಸಾವಿರ ಕರಪತ್ರ ತೆಗೆದರು. ಬಹಿಷ್ಕಾರ 381 ದಿನ ನಡೆಯಿತು. ಕೆಲಸಕ್ಕೆ ಹೋಗುವವರಿಗೆ ಕಾರುಗಳ ವೇಳಾಪಟ್ಟಿ ಹಾಕಬೇಕಿತ್ತು, ಪೆಟ್ರೋಲಿಗೆ ಹಣ ಎತ್ತಬೇಕಿತ್ತು, ವಿಮೆ ಹೊಂದಿಸಬೇಕಿತ್ತು. ಕೊನೆಗೆ ಬಸ್ಸಿನ ಪ್ರತ್ಯೇಕತೆಯನ್ನು ಕೋರ್ಟಿನಲ್ಲಿ ಮುರಿದದ್ದು ಪಾರ್ಕ್ಸ್ ಮೇಲಿನ ಪ್ರಕರಣವಲ್ಲ; ಕಾಲ್ವಿನ್ ಸೇರಿ ನಾಲ್ವರು ಹೆಂಗಸರು ಹೂಡಿದ ಬೇರೆ ಮೊಕದ್ದಮೆ.

1960ರ ಫೆಬ್ರವರಿ 1ರಂದು ಗ್ರೀನ್ಸ್‌ಬರೋ ಊರಿನ ವೂಲ್ವರ್ತ್ ಅಂಗಡಿಯಲ್ಲಿ, ಬಿಳಿಯರಿಗೆ ಮಾತ್ರ ಮೀಸಲಾದ ತಿಂಡಿ ಕಟ್ಟೆಯ ಮುಂದೆ, ನಾಲ್ವರು ಕಪ್ಪು ಹುಡುಗರು ಕೂತು ಕಾಫಿ ಕೇಳಿದರು. ನಾಲ್ವರೂ ಕಾಲೇಜಿನ ಮೊದಲ ವರ್ಷದವರು. ಕಾಫಿ ಬರಲಿಲ್ಲ, ಅವರು ಏಳಲಿಲ್ಲ. ಮರುದಿನ ಇನ್ನಷ್ಟು ಜನ ಬಂದರು. ಕೆಲವೇ ವಾರಗಳಲ್ಲಿ ಈ ಧರಣಿ ದಕ್ಷಿಣದ ಹತ್ತಾರು ಊರುಗಳಿಗೆ ಹಬ್ಬಿತು. ಜುಲೈನಲ್ಲಿ ಅಂಗಡಿ ಮಣಿಯಿತು. 1964ರ ಬೇಸಿಗೆ ರಜೆಯಲ್ಲಿ ನೂರಾರು ಕಾಲೇಜು ವಿದ್ಯಾರ್ಥಿಗಳು ಮಿಸಿಸಿಪಿಗೆ ಹೋಗಿ ಮತದಾರರ ನೋಂದಣಿಗೆ ಇಳಿದರು. ಅವರಲ್ಲೊಬ್ಬ, 20 ವರ್ಷದ ಆ್ಯಂಡ್ರೂ ಗುಡ್‌ಮನ್, ಇನ್ನಿಬ್ಬರು ಜೊತೆಗಾರರೊಂದಿಗೆ ಕೊಲೆಯಾದ. 1965ರ ಮಾರ್ಚ್ 7ರಂದು ಸೆಲ್ಮಾದ ಸೇತುವೆಯ ಮೇಲೆ ಮತದ ಹಕ್ಕಿಗಾಗಿ ಹೊರಟ ಮೆರವಣಿಗೆಯವರ ಮೇಲೆ ಪೊಲೀಸರು ಲಾಠಿ ಬೀಸಿದ್ದನ್ನು ದೇಶ ಟಿವಿಯಲ್ಲಿ ನೋಡಿತು. ಆಗಸ್ಟ್ 6ರಂದು ಮತದಾನ ಹಕ್ಕು ಕಾಯ್ದೆಗೆ ಸಹಿ ಬಿತ್ತು.

ಆ ಕಾಯ್ದೆ ಹಿಂದಿನ 95 ವರ್ಷಗಳಿಂದ ಪಾಠ ಕಲಿತಿತ್ತು. ತಾರತಮ್ಯ ತಪ್ಪು ಎಂದಷ್ಟೇ ಹೇಳಿದರೆ ಗುಮಾಸ್ತರು ಹೊಸ ತಾರೀಖು, ಹೊಸ ತಾತ ಹುಡುಕುತ್ತಾರೆ ಎಂದು ಅದನ್ನು ಬರೆದವರಿಗೆ ಗೊತ್ತಿತ್ತು. ಹಾಗಾಗಿ ಹಿಂದೆ ಮೋಸ ಮಾಡಿದ ರಾಜ್ಯಗಳು ಮತದಾನದ ಯಾವ ನಿಯಮ ಬದಲಿಸಬೇಕಾದರೂ ಮೊದಲೇ ಕೇಂದ್ರದ ಒಪ್ಪಿಗೆ ಪಡೆಯಬೇಕು ಎಂದಿತು. ಮಿಸಿಸಿಪಿಯಲ್ಲಿ ನೋಂದಾಯಿತ ಕಪ್ಪು ಮತದಾರರ ಪ್ರಮಾಣ ಶೇ 7ರ ಆಸುಪಾಸಿನಿಂದ 1967ಕ್ಕೆ ಶೇ 60ರ ಹತ್ತಿರಕ್ಕೆ ಏರಿತು. ಜನ ಬದಲಾಗಲು ಶತಮಾನ ಬೇಕು ಎನ್ನುವವರಿಗೆ ಈ ಎರಡು ವರ್ಷ ಉತ್ತರ.

ಅದೇ 1965ರ ಅಕ್ಟೋಬರ್ 3ರಂದು ಇನ್ನೊಂದು ಕಾಯ್ದೆಗೆ ಸಹಿಯಾಯಿತು. ದೇಶಮೂಲದ ಕೋಟಾ ತೆಗೆದುಹಾಕಿದ ವಲಸೆ ಕಾಯ್ದೆ. 1946ರಿಂದ ಭಾರತಕ್ಕೆ ಸಿಗುತ್ತಿದ್ದ ಪಾಲು ವರ್ಷಕ್ಕೆ 100 ಜನ. ಈ ಕಾಯ್ದೆಯ ನಂತರವೇ ಕರ್ನಾಟಕದ ವೈದ್ಯರು, ಎಂಜಿನಿಯರುಗಳು ದೊಡ್ಡ ಸಂಖ್ಯೆಯಲ್ಲಿ ಅಲ್ಲಿ ನೆಲೆಯಾದದ್ದು, ಊರೂರಿಗೆ ಕನ್ನಡ ಕೂಟಗಳು ಎದ್ದದ್ದು. ಹುಟ್ಟಿನಿಂದ ಮನುಷ್ಯರನ್ನು ವಿಂಗಡಿಸುವುದು ಸರಿಯಲ್ಲ ಎಂಬ ಮಾತಿಗೆ ಬೀದಿಯಲ್ಲಿ ಬಲ ತಂದವರು ಮಾಂಟ್ಗೊಮರಿಯ, ಸೆಲ್ಮಾದ ಜನ. ನಮ್ಮವರ ಓದು, ದುಡಿಮೆ ಎರಡೂ ದೊಡ್ಡದೇ. ಅದಕ್ಕೆ ಬಾಗಿಲು ತೆರೆದವರ ಋಣವೂ ಲೆಕ್ಕಕ್ಕೆ ಸೇರಬೇಕು.

ಮುಗಿಯದ ಕತೆ, ಮುಂದಿನ ಕೆಲಸ

2013ರಲ್ಲಿ ಸುಪ್ರೀಂ ಕೋರ್ಟ್ ಆ ಮುಂಗಡ ಒಪ್ಪಿಗೆಯ ವ್ಯವಸ್ಥೆಗೆ ಆಧಾರವಾದ ಸೂತ್ರವನ್ನು ರದ್ದು ಮಾಡಿತು. ಕಾಲ ಬದಲಾಗಿದೆ ಎಂಬುದು ಬಹುಮತದ ನಿಲುವು. ನೆನೆಯುತ್ತಿಲ್ಲವೆಂದು ಮಳೆಯಲ್ಲೇ ಕೊಡೆ ಎಸೆದಂತೆ ಎಂದು ಭಿನ್ನಮತ ಬರೆದ ರೂತ್ ಗಿನ್ಸ್‌ಬರ್ಗ್ ಆಕ್ಷೇಪಿಸಿದರು. ಇತ್ತ ತರಗತಿಯಲ್ಲಿ ಜನಾಂಗದ ಇತಿಹಾಸವನ್ನು ಎಷ್ಟು, ಹೇಗೆ ಕಲಿಸಬೇಕು ಎಂಬ ಬಗ್ಗೆ 2021ರಿಂದೀಚೆಗೆ ಟೆಕ್ಸಸ್, ಫ್ಲಾರಿಡಾ ಮುಂತಾದ ರಾಜ್ಯಗಳು ಕಾನೂನೇ ಮಾಡಿವೆ. ದೇಶದ ಮೇಲೆ ಪ್ರೀತಿ ಕಡಿಮೆಯಾದೀತು ಎಂಬ ಆತಂಕ ಅದರ ಹಿಂದಿದೆ. 1870ರ ಮಾತು ನಿಜವಾಗಲಿ ಎಂದು ಲಾಠಿ ಏಟು ತಿಂದವರಿಗಿಂತ ಹೆಚ್ಚಾಗಿ ಆ ದೇಶದ ಸಂವಿಧಾನವನ್ನು ಪ್ರೀತಿಸಿದವರು ಯಾರು ಎಂದು ಕೇಳಿದರೆ ಆ ಆತಂಕಕ್ಕೆ ಉತ್ತರವಿಲ್ಲ.

ಎಂಜಿನಿಯರಿಂಗ್ ಓದುವವರಿಗೆ ಇದರಿಂದೇನು ಎಂಬ ಪ್ರಶ್ನೆಗೆ ಉತ್ತರ 1930ರ ದಶಕದ ನಕ್ಷೆಗಳಲ್ಲಿದೆ. ಆರ್ಥಿಕ ಕುಸಿತದ ಕಾಲದಲ್ಲಿ ಮನೆ ಸಾಲಗಾರರನ್ನು ಉಳಿಸಲು ಸ್ಥಾಪಿಸಿದ ಸರ್ಕಾರಿ ಸಂಸ್ಥೆಯೊಂದು 200ಕ್ಕೂ ಹೆಚ್ಚು ನಗರಗಳ ಬಡಾವಣೆಗಳಿಗೆ ನಾಲ್ಕು ಬಣ್ಣ ಬಳಿಯಿತು. ಹಸಿರು ಉತ್ತಮ, ನೀಲಿ ಪರವಾಗಿಲ್ಲ, ಹಳದಿ ಇಳಿಮುಖ, ಕೆಂಪು ಅಪಾಯ. ಕಪ್ಪು ಜನ ಇದ್ದ ಕೇರಿಗಳಿಗೆ ಬಹುಪಾಲು ಕೆಂಪು ಬಂತು. 1934ರಲ್ಲಿ ಶುರುವಾದ ಸರ್ಕಾರಿ ಗೃಹಸಾಲ ವಿಮೆಯೂ ಅಂಥ ಕೇರಿಗಳಿಂದ ದೂರ ಉಳಿಯಿತು. ಸಾಲವಿಲ್ಲದೆ ಮನೆಯಿಲ್ಲ, ಮನೆಯಿಲ್ಲದೆ ಮಕ್ಕಳಿಗೆ ಬಿಟ್ಟುಹೋಗಲು ಆಸ್ತಿಯಿಲ್ಲ. ಮನೆ ವಿಷಯದಲ್ಲಿ ತಾರತಮ್ಯವನ್ನು ನಿಷೇಧಿಸುವ ಕಾಯ್ದೆ 1968ರಲ್ಲಿ ಬಂದರೂ ಎರಡು ತಲೆಮಾರಿನ ನಷ್ಟ ಆಗಿಹೋಗಿತ್ತು.

ಇಂದು ಸಾಲ ಯಾರಿಗೆ ಕೊಡಬೇಕು, ಕೆಲಸಕ್ಕೆ ಯಾರನ್ನು ಕರೆಯಬೇಕು, ಯಾರ ಹೆಸರು ಪಟ್ಟಿಯಲ್ಲಿ ಉಳಿಯಬೇಕು ಎಂದು ವಿಂಗಡಿಸುವುದು ಸಾಫ್ಟ್‌ವೇರ್. ಅದನ್ನು ಬರೆಯುವವರಲ್ಲಿ ಬೆಂಗಳೂರಿನ, ಆಸ್ಟಿನ್‌ನ ನಮ್ಮ ಮಕ್ಕಳೂ ಇದ್ದಾರೆ. ಸಾಲದ ಅರ್ಜಿಗೆ ಅಂಕ ಕೊಡುವಾಗ ಪಿನ್‌ಕೋಡನ್ನೂ ಸೇರಿಸೋಣ, ಅದರಲ್ಲಿ ಜಾತಿಯೂ ಇಲ್ಲ ಬಣ್ಣವೂ ಇಲ್ಲ, ಬರೀ ಆರು ಅಂಕಿ ಎಂದು ಮೀಟಿಂಗಿನಲ್ಲಿ ಯಾರಾದರೂ ಹೇಳುತ್ತಾರೆ. ಲೂಸಿಯಾನಾದ ಆ ತಾರೀಖಿನಲ್ಲೂ ಬರೀ ಅಂಕಿಗಳೇ ಇದ್ದವು ಎಂದು ಬಲ್ಲವಳು ಅಲ್ಲಿ ಕೂತಿದ್ದರೆ ಒಂದು ಪ್ರಶ್ನೆ ಕೇಳುತ್ತಾಳೆ: ಈ ನಿಯಮ ಹಾಕಿದ ಮೇಲೆ ಪಟ್ಟಿಯಿಂದ ಬಿದ್ದುಹೋಗುವವರು ಯಾರು, ಮೊದಲು ಅದನ್ನು ಎಣಿಸಿ ನೋಡೋಣವೇ?